ಎಕರೆಯಲ್ಲಿ ಕೊಂಡು ಅಡಿಯಲ್ಲಿ ಮಾರಿದ ಹಳ್ಳಿ

ಈಚೆಗೆ ಸ್ನೇಹಿತರೊಬ್ಬರ ಗೃಹಪ್ರವೇಶಕ್ಕೆಂದು ದೇವನಹಳ್ಳಿ ಕಡೆ ಹೋಗಿದ್ದೆ. ಬೆಂಗಳೂರಿನಿಂದ ಮೂವತ್ತೈದು ಕಿಲೋಮೀಟರು. ಊಟದ ಪಂಕ್ತಿಯಲ್ಲಿ ಪಕ್ಕ ಕೂತಿದ್ದವರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ, "ಕೊನೆಗೂ ಹಳ್ಳಿಗೆ ವಾಪಸ್ ಬಂದ್ವಿ ನೋಡಿ ಸಾರ್" ಅಂದರು. ಸುತ್ತ ಕೂತವರೆಲ್ಲ ತಲೆದೂಗಿದರು. ಬಾಯಲ್ಲಿ ಹೋಳಿಗೆ ಇತ್ತು, ನಾನು ಸುಮ್ಮನಿದ್ದೆ. ಅವತ್ತು ನುಂಗಿಕೊಂಡ ಮಾತನ್ನು ಇಲ್ಲಿ ಆಡುತ್ತಿದ್ದೇನೆ.

ಯಾವ ಹಳ್ಳಿಗೆ ಬಂದಿರಿ ಸ್ವಾಮಿ? ಆ ಟೌನ್‌ಶಿಪ್ಪಿನ ಕಾಂಪೌಂಡು ಹತ್ತಡಿ ಎತ್ತರ, ಅದರ ಮೇಲೆ ಮುಳ್ಳುತಂತಿಯ ಸುರುಳಿ. ಒಳಗೆ ತಾಳೆ ಜಾತಿಯ ಅಲಂಕಾರದ ಗಿಡಗಳು, ಕತ್ತರಿಸಿದ ಹುಲ್ಲು, ಇಟಲಿಯ ಯಾವುದೋ ಊರಿನ ಹೆಸರು ಹೊತ್ತ ಅಡ್ಡರಸ್ತೆಗಳು. ಗೋಡೆಯಾಚೆಗೆ ಕಾಣುವ ಊರು ಯಾವುದು ಎಂದು ಕೇಳಿದೆ. ಮನೆ ಯಜಮಾನರು ಫೋನ್ ತೆಗೆದು ಮ್ಯಾಪ್ ನೋಡಿ ಹೇಳಿದರು. ದೇಶದ ಮೊಟ್ಟಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು 2007ರಲ್ಲಿ ಘೋಷಣೆಯಾದ ನಲ್ಲೂರಿನ ಹುಣಸೆತೋಪು ಇದೇ ತಾಲ್ಲೂಕಿನಲ್ಲಿದೆ. ಪ್ರಕೃತಿಯ ಮಡಿಲಿಗೆ ಬಂದೆವು ಎನ್ನುತ್ತಿದ್ದ ಆ ಪಂಕ್ತಿಯಲ್ಲಿ ಅದನ್ನು ನೋಡಿದವರಿರಲಿ, ಅದರ ಹೆಸರು ಕೇಳಿದವರೂ ಒಬ್ಬರಿರಲಿಲ್ಲ.

ಊರ ಗದ್ದಲ ಬಿಟ್ಟು ಹಸಿರಿನ ನಡುವೆ ಟೌನ್‌ಶಿಪ್ಪಿನಲ್ಲಿ ಮನೆ ಮಾಡುವುದು ಪುಣ್ಯದ ಕೆಲಸ, ಅದರಿಂದ ನಗರದ ಒತ್ತಡ ತಗ್ಗುತ್ತದೆ, ಹಳ್ಳಿ ಉದ್ಧಾರವಾಗುತ್ತದೆ, ಮಕ್ಕಳು ಮಣ್ಣಿನ ವಾಸನೆ ಕಂಡು ಬೆಳೆಯುತ್ತವೆ. ಈ ಮಾತನ್ನು ಬಿಲ್ಡರ್ ಹೇಳಿದರೆ ವ್ಯಾಪಾರ ಎಂದು ಬಿಡಬಹುದು. ಪತ್ರಿಕೆಗಳ ಭಾನುವಾರದ ಪುರವಣಿ, ಯೋಜನಾ ಪ್ರಾಧಿಕಾರ, ಮಂತ್ರಿಗಳ ಭಾಷಣ, ಕೊನೆಗೆ ಪರಿಸರಪ್ರೇಮಿಗಳೂ ಅದನ್ನೇ ಹೇಳತೊಡಗಿರುವುದರಿಂದ ಇದು ಯಾರೂ ಪ್ರಶ್ನಿಸದ ಸತ್ಯವಾಗಿ ಕೂತಿದೆ. ನನ್ನ ಪ್ರಕಾರ ಇದು ಸುಳ್ಳು, ಅದೂ ಹಳ್ಳಿಯ ಹೆಸರಿನಲ್ಲೇ ಹಳ್ಳಿಯನ್ನು ಮುಗಿಸುವ ಸುಳ್ಳು. ಬೇಲಿಯೇ ಎದ್ದು ಹೊಲ ಮೇಯುವುದನ್ನು ಗಾದೆಯಲ್ಲಿ ಕೇಳಿದ್ದೆವು, ಈಗ ಕಣ್ಣಾರೆ ನೋಡುತ್ತಿದ್ದೇವೆ.

ಹೊರಡುವಾಗ ಗೇಟಿನಲ್ಲಿ ಕಂಡದ್ದನ್ನು ಹೇಳಬೇಕು. ಕಾರುಗಳಿಗೆ ದೊಡ್ಡ ಬಾಗಿಲು, ಮನೆಗೆಲಸಕ್ಕೆ ಬರುವವರಿಗೆ ಪಕ್ಕದಲ್ಲೊಂದು ಕಿರುಬಾಗಿಲು. ಅಲ್ಲಿ ಐವತ್ತೈದು ದಾಟಿದ ಹೆಂಗಸೊಬ್ಬರು ಸೆರಗಿನ ಗಂಟು ಬಿಚ್ಚಿ ಪ್ಲಾಸ್ಟಿಕ್ ಕಾರ್ಡು ತೋರಿಸುತ್ತಿದ್ದರು. ಕೆಲಸ ಮುಗಿಸಿ ಹೊರಗೆ ಹೋಗುವವರು ಕೈಚೀಲ ಬಿಚ್ಚಿ ತೋರಿಸಬೇಕಂತೆ. ಚೀಲದಲ್ಲಿ ಒಂದು ಟಿಫನ್ ಡಬ್ಬಿ, ಒಂದು ಹಳೆಯ ಚೂಡಿದಾರ. ಬಟ್ಟೆ ಕೊಟ್ಟ ಮನೆಗೆ ಫೋನ್ ಹೋಗಿ, "ಹೌದು, ನಾವೇ ಕೊಟ್ಟಿದ್ದು" ಎಂಬ ಉತ್ತರ ಬಂದ ಮೇಲೆ ಬಿಟ್ಟರು. ಗೇಟಿನ ಹುಡುಗನಿಗೆ ಕನ್ನಡ ಬಾರದು. ಅವನ ತಪ್ಪೇನಿಲ್ಲ, ಹೊಟ್ಟೆಪಾಡಿಗೆ ಎಲ್ಲಿಂದಲೋ ಬಂದವನು. ನಾನು ಕಾರು ಪಕ್ಕಕ್ಕೆ ಹಾಕಿ, "ಎಷ್ಟು ವರ್ಷದಿಂದ ಬರ್ತಿದೀರಮ್ಮ ಇಲ್ಲಿಗೆ?" ಎಂದು ಕೇಳಿದೆ.

"ಕೆಲ್ಸಕ್ಕೆ ಮೂರು ವರ್ಸದಿಂದ. ಬರೋದು ಹುಟ್ಟಿದಾಗ್ನಿಂದ" ಅಂದರು. ಆಮೇಲೆ ಕ್ಲಬ್‌ಹೌಸಿನ ಕಡೆ ಕೈ ತೋರಿ, "ಆ ಈಜೋ ಗುಂಡಿ ಐತಲ್ಲ, ಅಲ್ಲೇ ನಮ್ದು ಕಣ ಇತ್ತು ಕಣಪ್ಪ, ರಾಗಿ ಬಡೀತಿದ್ವಿ."

ತನ್ನ ಅಪ್ಪನ ಕಣಕ್ಕೆ ಕಾರ್ಡು ತೋರಿಸಿ ಒಳಗೆ ಹೋಗಿ, ಚೀಲ ಬಿಚ್ಚಿ ತೋರಿಸಿ ಹೊರಗೆ ಬರುವುದಕ್ಕೆ ನಾವಿಟ್ಟ ಹೆಸರು ಗ್ರಾಮೀಣ ಉದ್ಯೋಗಸೃಷ್ಟಿ.

ಬಡಾವಣೆಯ ನಕ್ಷೆ ಮಂಜೂರಾಗುವಾಗ ರಸ್ತೆ, ಪಾರ್ಕುಗಳನ್ನು ಸ್ಥಳೀಯ ಸಂಸ್ಥೆಗೆ ಬಿಟ್ಟುಕೊಡಬೇಕು ಎನ್ನುತ್ತದೆ ಕಾನೂನು. ಹಾಗೆ ಬಿಟ್ಟುಕೊಟ್ಟ ರಸ್ತೆಗೆ ಸಾರ್ವಜನಿಕರು ಬರದಂತೆ ತಡೆಯಲಾಗದು ಎಂದು ಕರ್ನಾಟಕ ಹೈಕೋರ್ಟೇ ಹೇಳಿದೆ. ಆದರೂ ಯಾವ ಪಂಚಾಯಿತಿ ಅಧ್ಯಕ್ಷರು ಹೋಗಿ ಗೇಟು ತೆಗೆಸಿದ್ದಾರೆ? ಗೇಟು ಇದೆ ಎಂಬ ಒಂದೇ ಕಾರಣಕ್ಕೆ ಸೈಟಿನ ಬೆಲೆ ಹೆಚ್ಚು. ಅಂದರೆ ಇಲ್ಲಿ ಮಾರಾಟವಾಗುವುದು ಹಳ್ಳಿಯ ಸಹವಾಸವಲ್ಲ, ಹಳ್ಳಿಯವರು ಒಳಗೆ ಬರುವುದಿಲ್ಲ ಎಂಬ ಖಾತರಿ.

"ಬಲವಂತ ಯಾರು ಮಾಡಿದ್ರು? ರೈತನೇ ಸಂತೋಷವಾಗಿ ಮಾರಿದ" ಎನ್ನುವ ವಾದವೊಂದು ಸದಾ ಸಿದ್ಧವಾಗಿರುತ್ತದೆ. ಆ ಸಂತೋಷದ ವ್ಯವಹಾರ ಹೇಗೆ ನಡೆಯುತ್ತದೆಂದು ಬಲ್ಲಿರಾ? ಮೊದಲು ದಲ್ಲಾಳಿ ಬರುತ್ತಾನೆ, ಬಹಳ ಸಲ ಅದೇ ಊರಿನವನು. ಸಾಲದಲ್ಲಿರುವ ಮನೆ, ಪಾಲಾಗದ ಅಣ್ಣತಮ್ಮಂದಿರು, ಮದುವೆ ಗೊತ್ತಾದ ಮಗಳು, ಇದೆಲ್ಲ ಅವನ ಪಹಣಿಯಲ್ಲಿ ಬರೆದಿರುತ್ತದೆ. ಅಡ್ವಾನ್ಸು, ಅಗ್ರಿಮೆಂಟು, ಜಿಪಿಎ. ಮೂರು ಸರ್ವೆ ನಂಬರು ಕೈಸೇರಿದ ಮೇಲೆ ಕಾಂಪೌಂಡು ಏಳುತ್ತದೆ, ನಡುವೆ ಇದ್ದ ಬಂಡಿದಾರಿ ಮಾಯವಾಗುತ್ತದೆ. ಮಾರಲೊಲ್ಲದ ನಾಲ್ಕನೆಯವನು ಗೊಬ್ಬರದ ಗಾಡಿ ಹೊಡೆಯುವುದು ಎಲ್ಲಿಂದ? ಸುತ್ತಲಿನವರೆಲ್ಲ ಬೆಳೆ ಬಿಟ್ಟಾಗ ಒಬ್ಬನೇ ರಾಗಿ ಬಿತ್ತಿದರೆ ಸೀಮೆಯ ಹಕ್ಕಿ, ನವಿಲು, ಹಂದಿಗಳೆಲ್ಲ ಅವನ ಹೊಲಕ್ಕೇ ಬರುತ್ತವೆ. ಎರಡು ಬೆಳೆ ಹೋದ ಮೇಲೆ ಅವನೂ "ಸಂತೋಷವಾಗಿ" ಸಬ್‌ರಿಜಿಸ್ಟ್ರಾರ್ ಕಚೇರಿಯ ಮೆಟ್ಟಿಲು ಹತ್ತುತ್ತಾನೆ.

ಲೆಕ್ಕವನ್ನೂ ನೋಡೋಣ. ಒಂದು ಎಕರೆಗೆ 40 ಗುಂಟೆ, 43,560 ಚದರಡಿ. ರಸ್ತೆ, ಪಾರ್ಕು ಕಳೆದು ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಉಳಿದರೂ ನಲವತ್ತು-ಅರವತ್ತರ ಹತ್ತು ಸೈಟಾಗುತ್ತದೆ. ರೈತನಿಗೆ ಎಕರೆ ಲೆಕ್ಕ, ನಮಗೆ ಅಡಿ ಲೆಕ್ಕ. ಎಕರೆಯಿಂದ ಅಡಿಗೆ ಇಳಿಯುವ ಆ ದಾರಿಯಲ್ಲಿ ಹುಟ್ಟುವ ಹಣ ಯಾರದು? ಹೊಲ ಅದೇ, ಮಣ್ಣು ಅದೇ. ಬದಲಾಗಿದ್ದು ಭೂಪರಿವರ್ತನೆಯ ಒಂದು ಆದೇಶ, 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನಡಿ ಜಿಲ್ಲಾಧಿಕಾರಿ ಹಾಕುವ ಒಂದು ರುಜು. ಸಾರ್ವಜನಿಕ ಅಧಿಕಾರದ ರುಜುವಿನಿಂದ ಹುಟ್ಟಿದ ಹಣದಲ್ಲಿ ಸಾರ್ವಜನಿಕರಿಗೆ ಸಿಕ್ಕಿದ್ದು ಪರಿವರ್ತನಾ ಶುಲ್ಕದ ಚಿಲ್ಲರೆ.

ಮೊದಲಾದರೆ ಒಂದಿಷ್ಟು ಅಡ್ಡಗಟ್ಟೆ ಇತ್ತು. 1961ರ ಕರ್ನಾಟಕ ಭೂಸುಧಾರಣಾ ಕಾಯ್ದೆಯಲ್ಲಿದ್ದ 79ಎ, 79ಬಿ ಕಲಮುಗಳು ಬೇಸಾಯಗಾರರಲ್ಲದವರು, ದೊಡ್ಡ ಆದಾಯದವರು ಕೃಷಿಭೂಮಿ ಕೊಳ್ಳುವುದನ್ನು ತಡೆಯುತ್ತಿದ್ದವು. ಅದರಲ್ಲೂ ತೂತುಗಳಿದ್ದವು, ಲಂಚಕ್ಕೆ ದಾರಿಯಾಗಿತ್ತು, ಒಪ್ಪೋಣ. 2020ರಲ್ಲಿ, ಕೊರೊನಾದಿಂದ ಜನ ಮನೆಯೊಳಗೆ ಕೂತಿದ್ದ ಕಾಲದಲ್ಲಿ, ತೂತು ಮುಚ್ಚುವ ಬದಲು ಗೋಡೆಯನ್ನೇ ಕೆಡವಿದರು. ಆಗ ವಿರೋಧಪಕ್ಷದಲ್ಲಿ ಕೂತು ಗುಡುಗಿದವರ ಉತ್ಸಾಹ ಅಧಿಕಾರಕ್ಕೆ ಬಂದ ಮೇಲೆ ತಣ್ಣಗಾಯಿತು. ಈಗ "ವಾರಾಂತ್ಯದ ರೈತರಾಗಿ" ಎಂದು ಕಾಲು ಎಕರೆ ತುಂಡುಗಳನ್ನು ಮಾವಿನ ಸಸಿ ಸಮೇತ ಮಾರುತ್ತಾರೆ. ಉಳುವವನೇ ಹೊಲದೊಡೆಯ ಎಂದು ಎಪ್ಪತ್ತರ ದಶಕದಲ್ಲಿ ಕೂಗಿದ ರಾಜ್ಯ ಇದು. ಇವತ್ತಿನ ಒಡೆಯ ಶನಿವಾರ ಬಂದು ಭಾನುವಾರ ಹೋಗುತ್ತಾನೆ.

ನೀರಿಗೆ ಬರೋಣ, ಏಕೆಂದರೆ ಉಳಿದೆಲ್ಲ ಸುಳ್ಳುಗಳೂ ಕೊನೆಗೆ ಬಂದು ಬೀಳುವುದು ಕೊಳವೆಬಾವಿಯಲ್ಲಿ.

ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲ, ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಈ ನಾಲ್ಕೂ ತಾಲ್ಲೂಕುಗಳಲ್ಲಿ ವರ್ಷವಿಡೀ ಹರಿಯುವ ಒಂದು ನದಿಯಿಲ್ಲ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ಅರ್ಕಾವತಿ, ದಕ್ಷಿಣ ಪಿನಾಕಿನಿ ಎರಡೂ ಈಗ ಹೆಸರಿಗೆ ನದಿ. ಅರ್ಕಾವತಿಗೆ 1894ರಲ್ಲಿ ಹೆಸರಘಟ್ಟದಲ್ಲಿ ಕೆರೆ ಕಟ್ಟಿ ಬೆಂಗಳೂರಿಗೆ ಕೊಳಾಯಿ ನೀರು ತಂದರು, ಮುಂದೆ ತಿಪ್ಪಗೊಂಡನಹಳ್ಳಿಯಲ್ಲಿ ಜಲಾಶಯ ಕಟ್ಟಿದರು. ನಗರ ಆ ನದಿಯನ್ನು ಕುಡಿದು ಮುಗಿಸಿ, ನೂರು ಕಿಲೋಮೀಟರು ದೂರದ ಕಾವೇರಿಗೆ ಪೈಪು ಹಾಕಿತು. 2024ರ ಬೇಸಿಗೆಯಲ್ಲಿ ನಗರದ 13,900 ಸರ್ಕಾರಿ ಕೊಳವೆಬಾವಿಗಳಲ್ಲಿ 6,900 ಬತ್ತಿವೆ ಎಂದು ಉಪಮುಖ್ಯಮಂತ್ರಿಗಳೇ ಹೇಳಿದರು. 2007ರಲ್ಲಿ ಪಾಲಿಕೆಗೆ ಸೇರಿಸಿಕೊಂಡ 110 ಹಳ್ಳಿಗಳಿಗೆಂದು ಮಾಡಿದ ಕಾವೇರಿ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ಕಾಗದದ ಮೇಲೆ ನಗರವಾದ ಹಳ್ಳಿಗೇ ನೀರು ಬರಲು ಹದಿನೇಳು ವರ್ಷ. ಹಾಗಾದರೆ ಗ್ರಾಮ ಪಂಚಾಯಿತಿಯ ಎಲ್ಲೆಯಲ್ಲಿ ಎದ್ದ ನಿಮ್ಮ ಟೌನ್‌ಶಿಪ್ಪಿನ ಈಜುಕೊಳಕ್ಕೆ ನೀರು ಬಂದದ್ದು ಎಲ್ಲಿಂದ?

ಮೂರುನೂರು ಮನೆಯ ಒಂದು ಟೌನ್‌ಶಿಪ್ ಇಟ್ಟುಕೊಳ್ಳಿ. ಮನೆಗೆ ನಾಲ್ಕು ಜನ. ನಗರದವರಿಗೆ ತಲೆಗೆ ದಿನಕ್ಕೆ 135 ಲೀಟರು ಬೇಕೆಂದು ಸರ್ಕಾರದ ಮಾನದಂಡ. ಜಲಜೀವನ್ ಮಿಷನ್ ಹಳ್ಳಿಯವನಿಗೆ ಗೊತ್ತುಮಾಡಿರುವುದು 55 ಲೀಟರು. ಟೌನ್‌ಶಿಪ್ಪಿಗೆ ದಿನಕ್ಕೆ 1,62,000 ಲೀಟರು, ಅಂದರೆ ಆರು ಸಾವಿರ ಲೀಟರಿನ ಟ್ಯಾಂಕರು ಇಪ್ಪತ್ತೇಳು ಸಲ ಬಂದು ಹೋಗಬೇಕು. ಅಷ್ಟೇ ಜನರಿರುವ ಪಕ್ಕದ ಹಳ್ಳಿಗೆ 66,000 ಸಾಕು ಎನ್ನುತ್ತದೆ ಅದೇ ಸರ್ಕಾರ. ಹುಲ್ಲುಹಾಸು, ಈಜುಕೊಳ, ಕಾರು ತೊಳೆಯುವುದು ಇದರಲ್ಲಿ ಸೇರಿಲ್ಲ. ಇಬ್ಬರೂ ಹೀರುವುದು ಒಂದೇ ಬಂಡೆಯ ಬಿರುಕಿನ ನೀರನ್ನು. ಟೌನ್‌ಶಿಪ್ಪಿನವರಿಗೆ ಸಾವಿರದ ಇನ್ನೂರು ಅಡಿ ಕೊರೆಸಲು ದುಡ್ಡಿದೆ. ಪಂಚಾಯಿತಿಯ ಬೋರು ಆರುನೂರಕ್ಕೇ ನಿಂತಿದ್ದರೆ ಯಾರ ಮೋಟಾರು ಮೊದಲು ಗಾಳಿ ಕಕ್ಕುತ್ತದೆ? ಅದಕ್ಕೆ ಭೂಗರ್ಭಶಾಸ್ತ್ರಜ್ಞ ಬೇಕಿಲ್ಲ, ಆ ಊರಿನ ನೀರುಗಂಟಿಯನ್ನು ಕೇಳಿದರೆ ಸಾಕು.

ಈ ತಾಲ್ಲೂಕುಗಳು ಅಂತರ್ಜಲವನ್ನು ಮಿತಿಮೀರಿ ಬಳಸಿದ ಪಟ್ಟಿಯಲ್ಲಿ ವರ್ಷಗಳಿಂದ ಇವೆ. ಅಂಥ ಕಡೆ ಅನುಮತಿಯಿಲ್ಲದೆ ಕೊಳವೆಬಾವಿ ಕೊರೆಯಬಾರದೆಂದು 2011ರ ಕಾಯ್ದೆಯೂ ಇದೆ. ಆದರೆ ಒಂದು ಕೈ ಅಂತರ್ಜಲ ಮುಗಿದಿದೆ ಎಂದು ವರದಿ ಬರೆಯುತ್ತಿರುವಾಗ, ಇನ್ನೊಂದು ಕೈ ಅದೇ ಸರ್ವೆ ನಂಬರಿನಲ್ಲಿ ಬಡಾವಣೆಗೆ ಒಪ್ಪಿಗೆ ಕೊಡುತ್ತದೆ. ಎರಡೂ ಕೈ ಒಂದೇ ಸರ್ಕಾರದ್ದು. ಹಾಸನ ಜಿಲ್ಲೆಯ ಪಶ್ಚಿಮಘಟ್ಟದಿಂದ ಎತ್ತಿನಹೊಳೆಯ ನೀರನ್ನು ಬರದ ಸೀಮೆಗೆ ಕುಡಿಯಲು ತರುತ್ತೇವೆಂದು 23,000 ಕೋಟಿ ರೂಪಾಯಿ ದಾಟಿದ ಯೋಜನೆ ನಡೆದಿದೆ. ಆ ನೀರು ಗ್ರಾಮಾಂತರ ಜಿಲ್ಲೆಗೆ ತಲುಪಿದ ದಿನ ಅದರ ಮೊದಲ ಗಿರಾಕಿ ಯಾರಿರುತ್ತಾರೆ, ಹೇಳಿ ನೋಡೋಣ.

ಬಂದ ನೀರು ಎಲ್ಲಿಗೋ ಹೋಗಲೂ ಬೇಕಲ್ಲ? ಬ್ರೋಷರಿನಲ್ಲಿ ಕೊಳಚೆ ಶುದ್ಧೀಕರಣ ಘಟಕದ ಚಿತ್ರ ಚೆನ್ನಾಗಿಯೇ ಇರುತ್ತದೆ. ಕರೆಂಟು ಬಿಲ್ಲಿನ ಬಗ್ಗೆ ಸಂಘದ ಸಭೆಯಲ್ಲಿ ಜಗಳ ಬಿದ್ದ ಮೇಲೆ ಅದು ದಿನಕ್ಕೆ ಎಷ್ಟು ಗಂಟೆ ಓಡುತ್ತದೆ ಎಂದು ನೋಡಿ ಬನ್ನಿ. ಮಿಕ್ಕಿದ್ದು ರಾಜಕಾಲುವೆಗೆ, ಕಾಲುವೆಯಿಂದ ಊರ ಕೆರೆಗೆ. ವೃಷಭಾವತಿ ತಂದು ಸುರಿಯುವ ಬೆಂಗಳೂರಿನ ಕೊಳಚೆಯಿಂದ ಬಿಡದಿ ಬಳಿಯ ಬೈರಮಂಗಲ ಕೆರೆ ನೊರೆ ಕಾರುವುದನ್ನು ಕಂಡವರಿಗೆ ಇದರ ಮುಂದಿನ ಕಥೆ ಹೇಳಬೇಕಿಲ್ಲ.

"ನಗರದ ಒತ್ತಡ ತಗ್ಗುತ್ತದೆ" ಎಂಬುದಂತೂ ನಗೆ ಬರಿಸುವ ಮಾತು. ಒತ್ತಡ ಎಲ್ಲಿ ತಗ್ಗಿತು? ಗಂಡನ ಕಚೇರಿ ಹೊರವರ್ತುಲ ರಸ್ತೆಯಲ್ಲಿ, ಹೆಂಡತಿಯದು ವೈಟ್‌ಫೀಲ್ಡಿನಲ್ಲಿ, ಮಗನ ಕೋಚಿಂಗು ಯಲಹಂಕದಲ್ಲಿ, ಅಪ್ಪ-ಅಮ್ಮನ ಡಾಕ್ಟರು ಮಲ್ಲೇಶ್ವರದಲ್ಲಿ. ಒಂದು ಮನೆಗೆ ಎರಡು ಕಾರು, ಒಮ್ಮೊಮ್ಮೆ ಮೂರು. ಬೆಳಿಗ್ಗೆ ಏಳಕ್ಕೇ ಗೇಟಿನಿಂದ ಸಾಲಾಗಿ ಹೊರಡುವ ಈ ಕಾರುಗಳು ಹೆಬ್ಬಾಳಕ್ಕೆ ಬಂದು ನಿಂತಾಗ, ನಗರದಲ್ಲೇ ಉಳಿದವನ ಒತ್ತಡ ತಗ್ಗಿತೇ? ಹಳ್ಳಿಯ ಗಾಳಿ ಕುಡಿಯಲು ಬಂದವರು ದಿನಕ್ಕೆ ಮೂರು ಗಂಟೆ ಹೆದ್ದಾರಿಯ ಹೊಗೆ ಕುಡಿಯುತ್ತಾರೆ. ಇನ್ನು ಆ ಕಾರುಗಳ ಪಕ್ಕದಲ್ಲೇ, ಕಾಲೇಜಿಗೆ ಹೊರಟ ಊರಿನ ಹುಡುಗಿಯರು ಒಂದೇ ಬಸ್ಸಿಗೆ ಕಾಯುತ್ತಿರುತ್ತಾರೆ. ಪ್ರಭಾವ, ಇಂಗ್ಲಿಷು, ಮಂತ್ರಿಗಳ ಪರಿಚಯ ಎಲ್ಲ ಇರುವ ಮೂರುನೂರು ಮನೆಯವರು ಇನ್ನೊಂದು ಬಸ್ಸಿಗಾಗಿ ಒಂದು ಅರ್ಜಿ ಬರೆದದ್ದುಂಟೇ? ಊರಿನ ಸರ್ಕಾರಿ ಶಾಲೆಗೆ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಒಮ್ಮೆ ಹೋಗಿ ಬಂದದ್ದುಂಟೇ? ಸ್ವಾತಂತ್ರ್ಯ ದಿನದಂದು ಪೆನ್ಸಿಲ್ ಬಾಕ್ಸು ಹಂಚಿ ಫೋಟೊ ತೆಗೆಸಿಕೊಂಡದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಮನೆ ಪಂಚಾಯಿತಿಯಲ್ಲಿ, ವೋಟು ಮಲ್ಲೇಶ್ವರದಲ್ಲಿ. ಆಸ್ತಿ ದಾಖಲೆಯ ನಮೂನೆ 9, ನಮೂನೆ 11ಕ್ಕೆ ಮಾತ್ರ ಪಂಚಾಯಿತಿ ಬೇಕು. ಇ-ಸ್ವತ್ತು ಕೈಗೆ ಬಂದ ಮೇಲೆ ಪಿಡಿಒ ಯಾರೆಂದು ಗೊತ್ತಿರುವುದಿಲ್ಲ. ಒಳಗಿನ ಸಂಘಕ್ಕೆ ತಿಂಗಳು ತಿಂಗಳು ಸಾವಿರಗಟ್ಟಲೆ ಮೇಂಟೆನೆನ್ಸು ಕಟ್ಟುವವರು, ವರ್ಷಕ್ಕೊಮ್ಮೆ ಪಂಚಾಯಿತಿಗೆ ಕಟ್ಟುವ ಕಂದಾಯದ ಬಗ್ಗೆ "ಏನು ಮಾಡಿದಾರೆ ಅಂತ ಕಟ್ಟೋದು?" ಎಂದು ಕೇಳುತ್ತಾರೆ. ಕಸ ಹೊರಗೆ ಸಾಗಿಸಲು ಗುತ್ತಿಗೆದಾರನಿದ್ದಾನೆ. ಅವನು ಅದನ್ನು ಯಾವ ಗುಂಡುತೋಪಿನ ಅಂಚಿನಲ್ಲಿ ಸುರಿದು ಬೆಂಕಿ ಹಾಕುತ್ತಾನೋ, ಆ ಹೊಗೆ ಗೋಡೆ ಹಾರಿ ಒಳಗೆ ಬಂದಾಗ ಮಾತ್ರ ವಾಟ್ಸಾಪ್ ಗುಂಪಿನಲ್ಲಿ "ಈ ಹಳ್ಳಿಯವರಿಗೆ ಬುದ್ಧಿಯಿಲ್ಲ" ಎಂಬ ಸಂದೇಶ ಓಡಾಡುತ್ತದೆ.

ಬಿಲ್ಡರುಗಳಿಗೆ ಒಂದು ಹಳೆಯ ಕನಸನ್ನು ಕದಿಯುವ ಚಾಳಿಯೂ ಇದೆ. ಲಂಡನ್ನಿನಲ್ಲಿ ಶೀಘ್ರಲಿಪಿಕಾರನಾಗಿ ಹೊಟ್ಟೆ ಹೊರೆಯುತ್ತಿದ್ದ ಎಬನೇಜರ್ ಹೋವರ್ಡ್ 1898ರಲ್ಲಿ ಒಂದು ಪುಸ್ತಕ ಬರೆದು, ಊರು-ಹಳ್ಳಿ ಎರಡರ ಗುಣವೂ ಇರುವ ಉದ್ಯಾನ ನಗರವೊಂದನ್ನು ಕಲ್ಪಿಸಿದ. 1903ರಲ್ಲಿ ಲೆಚ್‌ವರ್ತ್‌ನಲ್ಲಿ ಅದರ ಕೆಲಸವೂ ಶುರುವಾಯಿತು. "ಗಾರ್ಡನ್", "ಗ್ರೀನ್" ಎಂದು ಬೋರ್ಡು ಹಾಕುವವರೆಲ್ಲ ಅವನ ದೂರದ ಸಾಲಗಾರರು. ಆದರೆ ಅವನ ಲೆಕ್ಕ ಏನಿತ್ತು ಗೊತ್ತೇ? ಒಟ್ಟು 6,000 ಎಕರೆ. ಅದರಲ್ಲಿ ಊರಿಗೆ 1,000, ಬೇಸಾಯಕ್ಕೆ 5,000. ಜನ 32,000 ಮೀರಬಾರದು. ನೆಲ ಯಾರ ಖಾಸಗಿ ಸ್ವತ್ತೂ ಅಲ್ಲ, ಸಮುದಾಯದ್ದು. ಬಾಡಿಗೆ ಹಣ ಊರಿನ ಖರ್ಚಿಗೆ. ಕಾರ್ಖಾನೆ, ಕೆಲಸ ಎಲ್ಲ ಅಲ್ಲೇ. ನಮ್ಮವರು ಅವನ ಹೆಸರಿನಿಂದ ಹುಲ್ಲುಹಾಸನ್ನು ಮಾತ್ರ ಎತ್ತಿಕೊಂಡರು. ಒಂದಕ್ಕೆ ಐದು ಪಾಲು ಹೊಲ ಉಳಿಸಿದ ಒಂದೇ ಒಂದು ಟೌನ್‌ಶಿಪ್ಪನ್ನು ಹೊಸೂರಿನಿಂದ ತುಮಕೂರಿನವರೆಗೆ ಯಾರಾದರೂ ತೋರಿಸಿದರೆ ಈ ಲೇಖನ ವಾಪಸ್ ಪಡೆಯುತ್ತೇನೆ.

ಸರ್ಕಾರವೂ ಹಿಂದೆ ಬಿದ್ದಿಲ್ಲ. ಬಿಡದಿ, ರಾಮನಗರ, ಸಾತನೂರು, ಸೋಲೂರು, ನಂದಗುಡಿ ಎಂದು ಐದು ಟೌನ್‌ಶಿಪ್‌ಗಳ ಮಾತು 2006ರಲ್ಲೇ ಎದ್ದಿತ್ತು. ಬಿಡದಿಯದು ಈಗ ಮತ್ತೆ ಮೇಲೆದ್ದು ಕೂತಿದೆ. ಹಾಲು, ರೇಷ್ಮೆ, ತೆಂಗು ಇರುವ ನೆಲ ಅದು. ಮಣ್ಣಿಗೆ ಬೆಲೆ ಬಂದರೆ ರೈತ ಕುಣಿಯುತ್ತಾನೆ ಎಂದು ನಂಬಿರುವವರು ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯನ್ನು ನೆನೆಯಲಿ. ಕೈಗಾರಿಕೆಗೆಂದು ಗುರುತಿಸಿದ್ದ 1,777 ಎಕರೆಯನ್ನು ಕೊಡುವುದಿಲ್ಲ ಎಂದು 13 ಹಳ್ಳಿಗಳ ಜನ 2022ರಿಂದ ಮೂರು ವರ್ಷ ಮೀರಿ ಧರಣಿ ಕೂತರು. 2025ರ ಜುಲೈ 15ರಂದು ಸರ್ಕಾರ ಸ್ವಾಧೀನ ಕೈಬಿಟ್ಟಿತು. ವಿಮಾನ ನಿಲ್ದಾಣದ ಮಗ್ಗುಲಲ್ಲೇ ಇರುವ, ಬೆಲೆ ಗೊತ್ತಿರುವ, ಪರಿಹಾರದ ಆಸೆ ತೋರಿಸಲಾಗಿದ್ದ ಜನ ಅವರು. ದ್ರಾಕ್ಷಿ, ಹಿಪ್ಪುನೇರಳೆ, ತರಕಾರಿ ಬೆಳೆಯುತ್ತೇವೆ, ಬಿಡಿ ನಮ್ಮನ್ನು ಎಂದರು. ಸರ್ಕಾರದ ನೋಟಿಸನ್ನು ಎದುರಿಸಲು ಅವರಿಗೆ ಒಂದು ಧರಣಿ ಪೆಂಡಾಲಾದರೂ ಇತ್ತು. ದಲ್ಲಾಳಿಯ ಅಡ್ವಾನ್ಸನ್ನು ಎದುರಿಸಲು ಎಲ್ಲಿ ಪೆಂಡಾಲು ಹಾಕುವುದು?

ಆಗಬೇಕಾದದ್ದು ಗುಟ್ಟೇನಲ್ಲ. ನೀರು ಎಲ್ಲಿಂದ ಬರುತ್ತದೆ ಎಂದು ಲೀಟರಿನ ಲೆಕ್ಕದಲ್ಲಿ ತೋರಿಸದ ಯಾವ ಬಡಾವಣೆಗೂ ಭೂಪರಿವರ್ತನೆ ಕೊಡಬಾರದು. ಕೊಳವೆಬಾವಿ ಅದಕ್ಕೆ ಉತ್ತರವೆಂದು ಒಪ್ಪಬಾರದು. ಈಗಾಗಲೇ ಇರುವ ಟೌನ್‌ಶಿಪ್ಪುಗಳ ಪ್ರತಿ ಬೋರಿಗೂ ಮೀಟರು ಕೂರಿಸಿ, ತಿಂಗಳಿಗೆ ಎಷ್ಟು ಎತ್ತಿದರು ಎಂಬುದನ್ನು ಪಂಚಾಯಿತಿ ಕಚೇರಿಯ ಗೋಡೆಯ ಮೇಲೆ ಬರೆಯಬೇಕು. ಮುಚ್ಚಿದ ಬಂಡಿದಾರಿ, ರಾಜಕಾಲುವೆಗಳನ್ನು ಗ್ರಾಮನಕಾಶೆ ಹಿಡಿದು ಅಳೆದು ಬಿಡಿಸಬೇಕು, ಸ್ಥಳೀಯ ಸಂಸ್ಥೆಗೆ ಬಿಟ್ಟುಕೊಟ್ಟ ರಸ್ತೆಗಳ ಗೇಟು ಕೀಳಿಸಬೇಕು. ಎಕರೆ ಅಡಿಯಾಗುವ ದಾರಿಯಲ್ಲಿ ಹುಟ್ಟಿದ ಲಾಭದ ದೊಡ್ಡ ಪಾಲು ನೆಲ ಕೊಟ್ಟವನಿಗೂ ಆ ಪಂಚಾಯಿತಿಗೂ ಹೋಗುವಂತೆ ಕಾನೂನು ಬರಬೇಕು, 2020ರಲ್ಲಿ ಕಿತ್ತ ಕಲಮುಗಳನ್ನು ತೂತು ಮುಚ್ಚಿ ಮತ್ತೆ ಕೂರಿಸಬೇಕು. ಇದಕ್ಕೆ ಒಪ್ಪದ ಶಾಸಕರು ವೋಟು ಕೇಳಲು ಬಂದಾಗ, ಅವರ ಹೆಸರಿನಲ್ಲೋ ಬಾಮೈದನ ಹೆಸರಿನಲ್ಲೋ ಆ ಸೀಮೆಯಲ್ಲಿ ಎಷ್ಟು ಎಕರೆ ಇದೆ ಎಂದು ಮೊದಲು ಕೇಳಿ.

ಇನ್ನು ಅಲ್ಲಿ ಮನೆ ಮಾಡಿಕೊಂಡಿರುವ ನಿಮಗೆ ಒಂದು ಮಾತು. ನಿಮ್ಮಲ್ಲಿ ಎಷ್ಟೋ ಜನ ಸಾಲ ಮಾಡಿ, ಬ್ರೋಷರು ನಂಬಿ ಬಂದವರು, ನನ್ನ ಸ್ನೇಹಿತರೂ ಹಾಗೇ. ಮನೆ ಕೆಡವಿ ಎನ್ನುತ್ತಿಲ್ಲ. ಹಳ್ಳಿಗೆ ಬಂದೆವು ಎನ್ನುತ್ತೀರಲ್ಲ, ಹಾಗಾದರೆ ಬನ್ನಿ. ವೋಟರ್ ಪಟ್ಟಿಯಲ್ಲಿ ಹೆಸರನ್ನು ಈ ಊರಿಗೆ ವರ್ಗ ಮಾಡಿಸಿ. ಕಿರುಬಾಗಿಲಿನಲ್ಲಿ ಚೀಲ ಬಿಚ್ಚಿಸುವುದನ್ನು ನಾಳೆ ಬೆಳಿಗ್ಗೆಯೇ ನಿಲ್ಲಿಸಿ, ಅದಕ್ಕೆ ಯಾವ ಕಾನೂನೂ ಬೇಕಿಲ್ಲ. ಗ್ರಾಮಸಭೆಯ ನೋಟಿಸನ್ನು ಪಂಚಾಯಿತಿ ಕಚೇರಿಯ ಹೊರಗೋಡೆಗೆ ಅಂಟಿಸಿರುತ್ತಾರೆ, ಕನ್ನಡದಲ್ಲೇ ಇರುತ್ತದೆ. ಮುಂದಿನ ಸಭೆಗೆ ಹೋಗಿ ನೆಲದ ಮೇಲೆ ಹಾಸಿದ ಜಮಖಾನದಲ್ಲಿ ಕೂತು, ನಿಮ್ಮ ಬೋರು ಎಷ್ಟು ಅಡಿ ಇದೆ ಎಂದು ಊರವರು ಕೇಳಿದಾಗ ಎದ್ದು ನಿಂತು ಉತ್ತರ ಕೊಡಿ.